ನೀರು ಹಾಕಿದ ಮಗು

ಅಲ್ಲ ಶಾಂತಲಾ, ಇದಕ್ಕೂ ನಗು ಬರ್ಲಿಲ್ವಾ ನಿಂಗೆ? ಈ ಕತೆ ಹೇಳಿದ್ರೆ ಸ್ಟಾಫ್ ರೂಮೇ ಬಿದ್ದು ಬಿದ್ದು ನಗ್ತಿತ್ತು! ನಾನು ಸರಿಯಾಗಿ ಹೇಳ್ಲಿಲ್ಲ ಅನ್ಸುತ್ತೆ, ತಡಿ. ಆ ಸಿಂಫನಿ ಕ್ಯಾಸೆಟ್ಟು... ನಿಮ್ಮ ಬ್ಯಾಚಿಗೂ ಹಾಕಿದ್ನಲ್ಲ, ಗುಬ್ಬಿ ಕಾಲೇಜಲ್ಲಿ? ನಾನು ಕಣ್ಣು ಮುಚ್ಕೊಂಡು, ಗಾಳೀಲಿ ಕೈ ಆಡಿಸ್ಕೊಂಡು ನಿಂತಿರ್ತಿದ್ದೆ. ಮ್ಯೂಸಿಕ್ ನಿಂತ ತಕ್ಷಣ, 'ಆಹಾ, ಎಂಥಾ ಅಂತ್ಯ ನೋಡಿದ್ರಾ!' ಅಂತಿದ್ದೆ. ನೀವೆಲ್ಲ ಚಪ್ಪಾಳೆ ಹೊಡೀತಿದ್ರಿ. ಒಂಬತ್ತು ವರ್ಷ ಕಣಮ್ಮ! ಆಮೇಲೆ ಒಂದಿನ ನಮ್ಮ ಅಟೆಂಡರ್ ರಂಗರಾಜು, 'ಸಾ, ಇದ್ರ ಹಿಂದ್ಗಡೆನೂ ಏನೋ ಐತೆ' ಅಂತ ಕ್ಯಾಸೆಟ್ ತಿರುಗಿಸಿ ಹಾಕಿದಾನೆ... ಇನ್ನೂ ಅರ್ಧ ಇದೆ ಅದರಲ್ಲಿ! ಅಂತ್ಯ ಅಂತ ನಾನು ಕಣ್ಣೀರು ಹಾಕ್ತಿದ್ದದ್ದು ನಟ್ಟ ನಡುವೆ!

ನಗ್ಬೇಕಪ್ಪ ಇಲ್ಲಿ... ಹೋಗ್ಲಿ ಬಿಡು.

ಕಾಫಿ ಆರೋಗ್ತಿದೆ, ಕುಡಿ. ಲೆಟರ್ ಬರ್ಕೊಡ್ತೀನಮ್ಮ, ಬರೀದೆ ಎಲ್ಲಿಗ್ ಹೋಗ್ತೀನಿ? ನಾಳೆ ಹತ್ತೂವರೆಗೆ ಕಮಿಟಿ, ಗೊತ್ತು. ಬಾಗಿಲಲ್ಲಿ ಚಪ್ಪಲಿ ಬಿಡ್ತಾನೇ ಎಲ್ಲ ಹೇಳಿದೀಯ. ನಿನ್ನ ಪಿಎಚ್.ಡಿ. ಥೀಸಿಸ್ಸನ್ನ ಕಂಪ್ಯೂಟರಿಗೆ ಹಾಕಿದಾರೆ. ಅದು ಮೂರನೇ ಚಾಪ್ಟರ್ ಪೂರ್ತಿ ಕೆಂಪು ಮಾಡಿ, ಇದು ಪ್ರೊಫೆಸರ್ ರಂಗನಾಥ್ ಅವರ ಹನ್ನೆರಡು ವರ್ಷದ ಹಿಂದಿನ ಲೇಖನದಿಂದ ಕದ್ದಿರೋದು ಅಂದಿದೆ. ನೋಡು, ನನ್ನ ಲೇಖನಾನೂ ಓದೋರು ಒಬ್ರು ಇದಾರೆ ಅಂತಾಯ್ತು! ಅದೂ ಕಂಪ್ಯೂಟರ್ರು. ನನ್ನ ಹೆಂಡ್ತಿನೇ ಓದಿಲ್ಲ ಅದನ್ನ.

ಸಾರಿ. ತಮಾಷೆ ಮಾಡೋ ಹೊತ್ತಲ್ಲ. ನಾಳೆ ಲೆಟರ್ ಇಲ್ದಿದ್ರೆ ರಿಜಿಸ್ಟ್ರೇಷನ್ ಕ್ಯಾನ್ಸಲ್. ಕುಣಿಗಲ್ ಹೈಸ್ಕೂಲಲ್ಲಿ ವಾರವೆಲ್ಲ ಪಾಠ ಮಾಡಿ, ಕರೆಸ್ಪಾಂಡೆನ್ಸಲ್ಲಿ ಎಂ.ಎ. ಮುಗಿಸಿ, ಭಾನುವಾರ ಕೂತು ಕೂತು ಐದು ವರ್ಷ ಬರ್ದಿದೀಯ. ನನಗೆ ಅರ್ಥ ಆಗುತ್ತಮ್ಮ.

ಆದ್ರೆ 'ನಿಜ ಬರ್ಕೊಡಿ ಸಾರ್' ಅಂದ್ರೆ ಹೆಂಗೆ? ನಿಜ ಅಂದ್ರೆ... ಯಾವುದು ನಿಜ? ಹನ್ನೆರಡು ವರ್ಷ ಆಯ್ತು. ನಾನು ಕ್ಲಾಸಲ್ಲಿ ಏನೋ ಹೇಳಿರ್ತೀನಿ, ನೀನು ಬರ್ಕೊಂಡಿರ್ತೀಯ, ಅದನ್ನೇ ಅಸೈನ್‌ಮೆಂಟಲ್ಲಿ ಹಾಕಿರ್ತೀಯ. ನಾನೂ ನನ್ನ ನೋಟ್ಸಿಂದ ಲೇಖನ ಮಾಡಿರ್ತೀನಿ. ಗುಬ್ಬೀಲಿ ಪಾಠ ಅಂದ್ರೆ ನೋಟ್ಸ್ ತಾನೆ? ನಾನು ಹೇಳೋದು, ನೀವು ಬರ್ಕೊಳೋದು. ಗುರು ಯಾರು, ಶಿಷ್ಯೆ ಯಾರು ಅಂತ ಬೇರೆ ಮಾಡೋಕಾಗುತ್ತಾ?

ಯಾಕಮ್ಮ ಹಂಗ್ ನೋಡ್ತೀಯ?

ಸರಿ, ನಾನೇನು ದೊಡ್ಡ ಮೇಷ್ಟ್ರಲ್ಲ, ಒಪ್ಕೊಂಡೆ! ಸಾಹಿತ್ಯದ ಪಾಠದ ಮಧ್ಯೆ ಚಿತ್ರಕಲೆ ತಂದು ಇಟಲಿ, ಇಟಲಿ ಅಂತಿದ್ನಲ್ಲ, ದೇವರಾಯನದುರ್ಗ ಹತ್ತಿ ಆ ಕಡೆ ಇಳಿದ್ರೆ ಇಟಲಿ ಸಿಗುತ್ತೆ ಅನ್ನೋ ಥರ ಮಾತಾಡ್ತಿದ್ದೆ. ಪಾಸ್‌ಪೋರ್ಟೇ ಇಲ್ಲ ನಂಗೆ! 'ಆ ಚರ್ಚಿನ ಚಾವಣಿ ಕೆಳಗೆ ನಿಂತಾಗ ಕತ್ತು ನೋಯುತ್ತೆ' ಅಂತಿದ್ದೆ ನೋಡು, ಅದು ಒಂದು ಪುಸ್ತಕದ ಮುನ್ನುಡೀಲಿ ಇದ್ದದ್ದು. ಕತ್ತು ನೋಯ್ತಾ ಇದ್ದದ್ದು ಮಾತ್ರ ನಿಜ, ಗುಬ್ಬಿ ಬಸ್ಸಲ್ಲಿ ನಿಂತು ನಿಂತು. ಆಮೇಲೆ ನಾನು ಹಂಚ್ತಿದ್ದ ಜೆರಾಕ್ಸು! ತಾಯಿ-ಮಗು ಚಿತ್ರ ಅಂತ ಕೊಟ್ರೆ ತಾಯಿನೂ ಕಪ್ಪು, ಮಗೂನೂ ಕಪ್ಪು, ತಲೆ ಹಿಂದಿನ ಪ್ರಭೆ ಒಂದೇ ಬೆಳ್ಳಗೆ ಕಾಣೋದು. ಒಬ್ಬ ಹುಡುಗ ಎದ್ದು, 'ಸಾರ್, ಇದು ಗ್ರಹಣಾನ?' ಅಂದಿದ್ದ!

ಇದಕ್ಕೂ ಇಲ್ಲ. ಹ್ಞೂಂ.

ಆ ಕಪ್ಪು ಜೆರಾಕ್ಸಲ್ಲೇ ನಿಂಗೆ ಆ ಮಗುವಿನ ಕೈ ಕಂಡಿತ್ತಲ್ವಾ... ಅಂದ್ರೆ, ನಮಗೆಲ್ಲ ಕಂಡಿತ್ತು, ಕ್ಲಾಸಲ್ಲಿ ಡಿಸ್ಕಸ್ ಮಾಡಿದ್ವಿ. ತಾಯಿ ತೊಡೆ ಮೇಲೆ ಮಗು ಸೋತು ಮಲಗಿದೆ, ಒಂದು ಕೈ ಕೆಳಗೆ ಜೋತು ಬಿದ್ದಿದೆ. ಪಂಡಿತರೆಲ್ಲ, ಅದು ಮುಂದೆ ಬರೋ ಸಾವಿನ ಸೂಚನೆ ಅಂತ ಬರೀತಾರೆ. ಸಾವೂ ಅಲ್ಲ ಏನೂ ಅಲ್ಲ, ಆಗ ತಾನೇ ನೀರು ಹಾಕಿಸ್ಕೊಂಡ ಮಗು ಹಂಗೇ ಮಲಗೋದು ಅಂತ... ಆ ಯೋಚನೆ ಬಂತು. ಯಾರಿಗೋ ಬಂತು. ಅಜ್ಜಿ ಬಚ್ಚಲಲ್ಲಿ ಕಾಲು ನೀಡ್ಕೊಂಡು ಕೂತು, ಕಾಲ ಮೇಲೆ ಮಗೂನ ಹಾಕ್ಕೊಂಡು, ಬಿಸಿ ಬಿಸಿ ನೀರು ಹುಯ್ದು, ಕೈಕಾಲೆಲ್ಲ ನೀವಿ... ಸಾಂಬ್ರಾಣಿ ಹೊಗೆ ಕೊಡೋಷ್ಟರಲ್ಲಿ ಮಗು ಮೈಯೆಲ್ಲ ಸಡಿಲ ಬಿಟ್ಟು ನಿದ್ದೆಗೆ ಹೋಗಿರುತ್ತೆ. ಆ ಚಿತ್ರಗಾರ ಯಾವುದೋ ಬಚ್ಚಲ ಬಾಗಿಲಲ್ಲಿ ನಿಂತು ಇದನ್ನ ನೋಡಿರ್ಬೇಕು, ಅಂತ.

ಯಾರ ಅಜ್ಜಿನಾ? ಅದೇನಮ್ಮ ಹಂಗೆ ಹುಬ್ಬೇರಿಸ್ತೀಯ? ಕಡಬದಲ್ಲಿ ನಿಮ್ಮಜ್ಜಿ ಒಬ್ರೇನಾ ಮಗೂಗೆ ನೀರು ಹಾಕಿರೋದು? ನಮ್ಮಜ್ಜಿನೂ ಹಾಕ್ತಿದ್ರು. ಚಿಕ್ಕೋನಿದ್ದಾಗ ನಾನು ಬಚ್ಚಲ ಬಾಗಿಲಲ್ಲೇ ನಿಂತು ನೋಡ್ತಿದ್ದೆ. ನನ್ನ ಲೇಖನ ಶುರುವಾಗೋದೇ 'ನಮ್ಮಜ್ಜಿ' ಅಂತ. ಅಗೋ, ಗೋಡೆ ಮೇಲೆ ಹಾರ ಹಾಕಿದೆಯಲ್ಲ, ಅವರೇ ಬಸವಲಿಂಗಮ್ಮ...

ಯಾಕ್ ಎದ್ದೆ? ಕೂತ್ಕೊ. ಅದನ್ನೇನ್ ಹತ್ರ ಹೋಗಿ ನೋಡ್ತೀಯ, ಹಳೇ ಫೋಟೋ... ಧೂಳು...

ಹ್ಞೂಂ. ಕೆಳಗೆ ತೀರ್ಕೊಂಡ ಇಸವಿ ಬರ್ಸಿದಾರೆ. ಐವತ್ನಾಲ್ಕು.

ನಾನು ಹುಟ್ಟಿದ್ದು ಅರವತ್ತೆರಡರಲ್ಲಿ.

ಕುಂಬಳಕಾಯಿ ಕಳ್ಳ ಅಂತ ನೀನು ಬಾಯಿ ಬಿಟ್ಟು ಅಂದೂ ಇಲ್ಲ, ನಾನೇ ಹೆಗಲು ಒರೆಸ್ಕೊಂಡೆ. ನನ್ನಂಥ ದಡ್ಡ ಕಳ್ಳ ತುಮಕೂರು ಜಿಲ್ಲೇಲೇ ಇಲ್ಲ! ಕದಿಯೋನು ಅಜ್ಜಿನಾದ್ರೂ ಬದಲಾಯಿಸ್ಬೇಕಿತ್ತು. 'ಕಡಬ' ಅಂತಿದ್ದದ್ದು ಮಾತ್ರ ಹೊಡೆದುಹಾಕಿದೆ. ಅಜ್ಜಿನ ಹಂಗೇ ಇಟ್ಕೊಂಡೆ.

ಪ್ರಮೋಷನ್‌ಗೆ ಒಂದು ಪಬ್ಲಿಕೇಷನ್ ಕಮ್ಮಿ ಇತ್ತು ಕಣಮ್ಮ. ಅಷ್ಟೇ. ಅಂಥಾ ದೊಡ್ಡ ಕಾರಣ ಏನೂ ಇಲ್ಲ. ಹೇಳೋಕೂ ನಾಚಿಕೆ ಆಗುತ್ತೆ.

ಕೊಡಿಲ್ಲಿ ಪೆನ್ನು. ಬರೀತೀನಿ, ನೀನು ಕೇಳಿಸ್ಕೊ. ಇಷ್ಟು ವರ್ಷ ನಾನು ಹೇಳಿ ನೀವು ಬರೆದ್ರಿ... 'ಸದರಿ ಲೇಖನದ ವಿಚಾರಗಳು ತರಗತಿಯ ಚರ್ಚೆಯಲ್ಲಿ ಮೂಡಿಬಂದು...' ಬೇಡ್ವಾ? ಬೇಡ. ಹೊಡೆದು ಹಾಕಿದೆ, ನೋಡು. 'ನನ್ನ ಹೆಸರಿನಲ್ಲಿ ಪ್ರಕಟವಾದ ಲೇಖನವನ್ನು ಬರೆದವರು ಕಡಬದ ಶಾಂತಲಾ. ಅದು ಅವರು ಬಿ.ಎ. ಎರಡನೇ ವರ್ಷದಲ್ಲಿ ಬರೆದ ಅಸೈನ್‌ಮೆಂಟ್. ನಾನು ಅದನ್ನು ಕದ್ದೆ.' ಸಾಕಲ್ವಾ? ಪೆನ್ಷನ್ನಿಗೆ ಏನಾಗುತ್ತೋ ನೋಡೋಣ. ತಗೋ.

ತಗೊಳಮ್ಮ... ಇನ್ನೂ ಏನು? ಲೆಟರ್ ಆಯ್ತಲ್ಲ, ಬಸ್ಸಿಗೆ ಹೊತ್ತಾಗುತ್ತೆ ನಿಂಗೆ. ಫೈಲಲ್ಲಿ ಏನ್ ಹುಡುಕ್ತಿದೀಯ?

ಓ... ಆ ಅಸೈನ್‌ಮೆಂಟನ್ನ ಇನ್ನೂ ಇಟ್ಕೊಂಡಿದೀಯಾ.

ನನ್ನ ಅಕ್ಷರಾನೇ. ಕೆಂಪು ಇಂಕು. 'ಇದು ಸಾಹಿತ್ಯ ವಿಮರ್ಶೆ ಅಲ್ಲ. ನೋಟ್ಸ್ ಓದಿ ಬರೆಯಿರಿ.' ಇಪ್ಪತ್ತಕ್ಕೆ ಏಳು.

ಹೋದ ಸಲ ಕಮಿಟಿಗೆ ಇದನ್ನ ತೋರ್ಸಿದ್ಯಾ? ಏನಂದ್ರು? ... ಹೇಳ್ಬೇಡ, ಗೊತ್ತಾಯ್ತು. ಏಳು ಮಾರ್ಕ್ಸ್ ಪೇಪರನ್ನ ಯಾವ ಪ್ರೊಫೆಸರ್ ಕದೀತಾನಮ್ಮ ಅಂದಿರ್ತಾರೆ. ನಕ್ಕಿರ್ತಾರೆ. ನಾನಿದ್ರೆ ನಾನೂ ನಗ್ತಿದ್ದೆ. ಈಗ ಈ ಲೆಟರ್ ತಗೊಂಡ್ಹೋದ್ರೂ, ಮೇಷ್ಟ್ರು ಶಿಷ್ಯೆನ ಉಳಿಸೋಕೆ ಸುಳ್ಳು ಬರ್ಕೊಟ್ಟವ್ರೆ, ಪಾಪ ದೇವರಂಥೋರು ಅಂತಾರೆ. ನಂಗೆ ಇನ್ನೂ ಒಳ್ಳೇ ಹೆಸರು!

ತಲೆ ಎತ್ತು ಶಾಂತಲಾ. ಆ ಏಳನ್ನೇ ನೋಡ್ತಾ ಕೂತಿದೀಯಲ್ಲ... ನೀನು ನಿಜ ಅಂತ ಕೇಳಿದ್ದು ಅದನ್ನಾ? ಕಳ್ಳತನ ನಿಂಗೆ ಗೊತ್ತಿತ್ತು. ಈ ಏಳು ಯಾಕೆ ಅಂತ ಗೊತ್ತಿರ್ಲಿಲ್ಲ. ಆ ಮಾರ್ಕ್ಸ್ ಬಂದ್ಮೇಲೆ ತಾನೆ ಮೈಸೂರಿಗೆ ಎಂ.ಎ.ಗೆ ಹೋಗ್ತೀನಿ ಅಂತಿದ್ದೋಳು ಸುಮ್ಮನೆ ಬಿ.ಎಡ್.ಗೆ ಅರ್ಜಿ ಹಾಕಿದ್ದು? ನನಗೇ ಬಂದು ಹೇಳಿದ್ದೆ, 'ಲಿಟರೇಚರ್ ನಂಗಲ್ಲ ಬಿಡಿ ಸಾರ್' ಅಂತ. ನಾನು, 'ಒಳ್ಳೇದಮ್ಮ, ಪ್ರಾಕ್ಟಿಕಲ್ ಆಗಿದೀಯ' ಅಂದೆ. ಇಪ್ಪತ್ತು ವರ್ಷದ ಹುಡುಗಿಗೆ.

ಇಪ್ಪತ್ತಕ್ಕೆ ಹದಿನೆಂಟು, ಹತ್ತೊಂಬತ್ತು ಕೊಟ್ಟಿದ್ದ ಪೇಪರೆಲ್ಲ ಎಚ್‌ಓಡಿ ಟೇಬಲ್ಲಿಗೆ ಹೋಗ್ತಿತ್ತು. ಮಹಾದೇವಯ್ಯನವರು ಓದೋರು. ಏಳಕ್ಕೆ ಇಳಿಸಿದ್ರೆ ಯಾರೂ ತಿರುಗಿ ನೋಡ್ತಿರ್ಲಿಲ್ಲ.

ಅದೂ ಪೂರ್ತಿ ಅಲ್ಲ. ಹೊಟ್ಟೆ ಉರೀತು ನಂಗೆ. ನಾನು ಕಲರ್ ಪುಸ್ತಕ ಇಟ್ಕೊಂಡು ಆ ಚಿತ್ರಾನ ಇಪ್ಪತ್ತು ವರ್ಷ ನೋಡಿದ್ದೆ ಕಣಮ್ಮ, ಯಾರ್ಯಾರೋ ಹೇಳಿದ್ದೇ ಕಾಣೋದು. ಆ ಮಗೂಗೆ ನಿದ್ದೆ ಬಂದಿದೆ ಅಂತ ನಂಗೆ ಒಂದಿನಾನೂ ಕಾಣ್ಲಿಲ್ಲ.

ಕೊಡು ಆ ಲೆಟರ್ರು. ಕೆಳಗಡೆ ಜಾಗ ಇದೆ, ಸೇರಿಸ್ತೀನಿ. 'ಈ ಅಸೈನ್‌ಮೆಂಟಿಗೆ ನಾನು ಇಪ್ಪತ್ತಕ್ಕೆ ಏಳು ಅಂಕ ಕೊಟ್ಟಿದ್ದೆ. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಒಳ್ಳೆಯ ಬರವಣಿಗೆ ನನ್ನ ಕೈಗೆ ಬಂದಿರಲಿಲ್ಲ. ಅದಕ್ಕೇ ಏಳು ಕೊಟ್ಟೆ.'