ಬೋಳುದಿಬ್ಬಕ್ಕೆ ಹಬ್ಬದ ಉಡುಗೊರೆ

೧೯೪೯ರ ದೀಪಾವಳಿ ಮುಗಿದಿತ್ತು. ಹುಮನಾಬಾದಿನಲ್ಲಿ ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದ ಮುಕ್ತಾಬಾಯಿಯ ಮುಂದೆಯೇ ದೇವಿಂದ್ರಪ್ಪನಿದ್ದ. ಅವನ ಹೆಂಡತಿ ಸುಗಂಧಾ ಬಂದು ಅವನ ಕೈಯಲ್ಲಿದ್ದ ಖಾಲಿ ಬಾಟಲಿ ಹಿಡಿದೆಳೆದಳು.

“ಚಿಮಣಿ ಎಣ್ಣಿ ಯಾಕ್ರಿ? ದೀಪಕ್ಕ ಗಾಣದಿಂದ ಕುಸುಬಿ ಎಣ್ಣಿ ತಂದೇನಿ.”

“ನಾಳಿಂದ ಆ ಬೋಳುದಿಬ್ಬದ ಹೊಲದಾಗ ನಾವಿಬ್ಬರೇ. ಕತ್ತಲಿಗಿ ಅಂಜಿ ನೀ ತವರಿಗೆ ಓಡಿಹೋದ್ರ?”

“ಓಡಿ ಹೋಗಾಕ ಎರಡು ತಿಂಗಳ ಕಡಕ್ ರೊಟ್ಟಿ ಬಡದೇನೇನು?”

“ಮತ್ತ ನೀರು? ಹರದಾರಿ ದೂರದಿಂದ ಹೊರಬೇಕು.”

“ಹಬ್ಬಕ್ಕ ಸೀರಿ ಬ್ಯಾಡ, ನೀರು ಹೊರಾಕ ಕತ್ತಿ ಕೊಡು ಅಂತ ಅಣ್ಣಗ ಅಂದೆ. ಅಲ್ಲಿ ಬೇವಿನ ಗಿಡಕ್ಕ ಕಟ್ಟೇನಿ, ನೋಡ್ರಿ.” ಬೇವಿನ ನೆರಳಲ್ಲಿ ಕತ್ತೆಯೊಂದು ಕಿವಿ ಆಡಿಸುತ್ತ ನಿಂತಿತ್ತು.

“ಸೀರಿ ಬಿಟ್ಟು ಕತ್ತಿ? ಮಂದಿ ನಗತಾರ.”

“ನಿಮ್ಮನ್ನ ಮಾಡಿಕೊಂಡಾಗೂ ನಕ್ಕಿದ್ರು.”

ದೇವಿಂದ್ರಪ್ಪ ಗಟ್ಟಿಯಾಗಿ ನಕ್ಕು ಸಾಲು ಬಿಟ್ಟ. ಕತ್ತೆಯನ್ನು ಬಿಚ್ಚಿಕೊಂಡು ಹೊರಟ ಅವರಿಬ್ಬರನ್ನೇ ನೋಡುತ್ತ ಮುಕ್ತಾಬಾಯಿ ಮುಂದೆ ಸರಿಯುವುದನ್ನೇ ಮರೆತಳು.