ಬ್ಯಾಟರಿ ಗಾಡಿಯ ಸೋಮವಾರ

ಶಿರಾಳಕೊಪ್ಪದ ಬಂಕಿನಲ್ಲಿ ಪೆಟ್ರೋಲ್ ಮುಗಿದು, ಟ್ಯಾಂಕರಿಗಾಗಿ ಎಲ್ಲರೂ ಸಾಲುಗಟ್ಟಿದ್ದರು. ಆ ಸಾಲಿನ ನಡುವೆ ಬೈಕು ಹಿಡಿದು ನಿಂತಿದ್ದವನು ಸಣ್ಣಪ್ಪ. ಅಷ್ಟರಲ್ಲಿ ಅಕ್ಕನಾಗಮ್ಮ ತಮ್ಮ ಬ್ಯಾಟರಿ ಗಾಡಿಗೆ ಗಾಳಿ ತುಂಬಿಸಲು ಬಂದರು.

“ಅಕ್ಕಾರೆ, ನೀವಿದನ್ನ ತಂದಾಗ ಆಟದ ಸಾಮಾನು ಅಂತ ನಕ್ಕಿದ್ದೆ. ಇನ್ನೂ ಓಡ್ತತೇನ್ರೀ?”

“ಐದು ವರ್ಷದಿಂದ ಓಡ್ತಾನೇ ಐತಲ್ಲೋ ಸಣ್ಣಪ್ಪ.”

“ಅದೆಂಗ್ರೀ?”

“ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡ್ತೀಯೇನು?”

“ಛೇ, ಎಲ್ಲಾದರೂ ಉಂಟೇನ್ರೀ! ಅವತ್ತು ಬಸವಣ್ಣಗೆ ರಜೆ.”

“ಇದಕ್ಕೂ ರಜೆ. ಅವತ್ತು ಹತ್ತಲ್ಲ. ಮೈ ತೊಳೆದು, ಬ್ಯಾಟರಿಗೆ ನೀರು ಕುಡಿಸ್ತೀನಿ.”

ಸಣ್ಣಪ್ಪ ಗಂಟಲು ಸರಿಮಾಡಿಕೊಂಡ.

“ಅಂಜನಾಪುರದ ಕಡೆ ಹೊಂಟೀರೇನ್ರೀ?”

“ಹೂಂ. ಆಟದ ಸಾಮಾನಿನ ಮೇಲೆ ಕೂರ್ತೀಯಾ?”

ಸಣ್ಣಪ್ಪ ಬೈಕನ್ನು ಗೋಡೆಗೆ ಒರಗಿಸಿ, ಹಿಂದೆ ಹತ್ತಿ ಕುಳಿತ. ಗಾಡಿ ಸದ್ದಿಲ್ಲದೆ ಹೊರಟುಹೋಯಿತು. ಬೆಳಗಿನಿಂದ ಕದಲದಿದ್ದ ಸಾಲು ಆಗ ಮೊದಲ ಸಲ ಒಂದು ಹೆಜ್ಜೆ ಮುಂದೆ ಸರಿಯಿತು.