ಮಾಸ್ತರರು ಕಲಿಸಿದ ಲೆಕ್ಕ

ಅಂದು ಚಿತ್ತಾಪುರ ಕೋರ್ಟಿನಲ್ಲಿ ಲೋಕ ಅದಾಲತ್. ಸಾಲಗಾರರೂ ಬ್ಯಾಂಕಿನವರೂ ಎದುರುಬದುರು ಕೂತು ರಾಜಿಯಾಗುವ ದಿನ. ವರಾಂಡದ ಬೆಂಚಿನಲ್ಲಿ ನನ್ನ ಪಕ್ಕ ಹೆಂಗಸೊಬ್ಬರು ಕಾಯುತ್ತಿದ್ದರು. ಅವರ ಗಂಡ, ನಿವೃತ್ತ ಮಾಸ್ತರರು, ಒಳಗಿನಿಂದ ಬಂದು ಕೂತರು.

“ಬಡ್ಡಿ ಬಿಟ್ರೇನ್ರಿ?”

“ನಾ ಕೇಳಲೇ ಇಲ್ಲ, ರುಕ್ಮಿಣಿ. ಮ್ಯಾನೇಜರ್ ನಮ್ಮ ಸಿದ್ದಲಿಂಗೇಶ. ನನ್ನ ಕೈಯಾಗ ಕಲ್ತ ಹುಡುಗ.”

“ಚಲೋನೇ ಆಯ್ತಲ್ರಿ!”

“ಏನ್ ಚಲೋ? ಎಲ್ಲಾರ ಮುಂದ ಎದ್ದು ಬಂದು ಕಾಲಿಗಿ ಬಿದ್ದ. ತನ್ನ ಕುರ್ಚಿ ಕೊಟ್ಟ. ಆಮ್ಯಾಲ ಹ್ಯಾಂಗ ಬಾಯಿ ತೆಗೀಲಿ?”

“ಮತ್ತ ಇಷ್ಟೊತ್ತು ಏನ್ ಮಾತಾಡಿದ್ರಿ?”

“ಸಾಲಿ ಮಾತು, ಅವ ನನ್ನ ಕೈಯಾಗ ಓದಿದ ದಿನದ್ದು.”

“ಮಗಳು ಶುಭಾನ ಆಪರೇಶನ್ನಿಗಿ ತಗೊಂಡ ಸಾಲ ಅಂತ ಹೇಳ್ಬೇಕಿಲ್ಲೇನ್ರಿ? ಅಸಲು ಪೂರಾ ತುಂಬ್ತೀವಿ, ಬಡ್ಡಿ ಅಷ್ಟೇ ಬಿಡಪ್ಪಾ ಅಂತ?”

“ಅವನಿಗಿ ಬಡ್ಡಿ ಲೆಕ್ಕ ಕಲಿಸಿದಾವ ನಾನೇ. ಈಗ ಅದನ್ನೇ ಬಿಡು ಅಂತ ಯಾವ ಮಾರಿ ಇಟ್ಕೊಂಡು ಕೇಳ್ಲಿ?”

ಆಕೆ ಗಂಡನ ಕಡೆ ತಿರುಗಿ ಕೂತರು.

“ಕಳಿಯೋ ಲೆಕ್ಕಾನೂ ಕಲಿಸೀರಿಲ್ಲ?”

“ಹೂಂ.”

“ಏಳ್ರಿ ಹಂಗಾದ್ರ. ನೀವು ಸುಮ್ಮ ಆ ಕುರ್ಚಿ ಮ್ಯಾಲ ಕುಂದ್ರಿ. ಕೇಳಾದು ನಾ ಕೇಳ್ತೀನಿ. ನಾ ಅವನಿಗಿ ಏನೂ ಕಲಿಸಿಲ್ಲ.”

ಸೆರಗು ಸರಿಮಾಡಿಕೊಂಡು ಆಕೆ ಒಳಗೆ ನಡೆದರು. ಮಾಸ್ತರರು ತಲೆ ತಗ್ಗಿಸಿ, ಪಾಠ ಒಪ್ಪಿಸಲು ಹೊರಟ ಹುಡುಗನ ಹಾಗೆ, ಹಿಂದೆ ಹೋದರು.